ಬಿಳಿ ರೋಮದ ನಾಯಿ ಎಲ್ಲ ಪೊಮೇರಿಯನ್ ಅಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಯಾರ ಅಂಗಳದಲ್ಲಿ ಬಿಳಿ ರೋಮದ ಸಣ್ಣ ನಾಯಿ ಕಂಡ್ರೂ ಪೊಮೇರಿಯನ್ ಅಂತಲೇ ಹೇಳುದು. ಅದರಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಅನ್ನುವ ಬೇರೆ ತಳಿ. ಹೆಸರು ತಪ್ಪಿದ್ರೆ ಎಂತ ಅಂತ ಕೇಳಬಹುದು, ಆದ್ರೆ ಪೊಮೇರಿಯನ್ ರೇಟು ಕೊಟ್ಟು ಮರಿ ತಂದವರು ಅದು ವರ್ಷದೊಳಗೆ ಆರೇಳು ಕೆಜಿ ಆದ ಕೂಡ್ಲೇ ನಮಗೆ ಮೋಸ ಆಯ್ತು ಅಂತ ಪೇಟೆ ಬದಿಯಲ್ಲಿ ಬಿಟ್ಟು ಬರ್ತಾರೆ, ಮನೆಯೊಳಗೆ ಬೆಳೆದ ನಾಯಿ ಬೀದಿ ನಾಯಿಗಳ ನಡುವೆ ಹೇಗೆ ಬದುಕುದು? ಇದು ನೋಡಿ ನೋಡಿ ಬೇಜಾರಾಗಿಯೇ ಬರೀತಾ ಇದ್ದೇನೆ.

ಸರಿಯಾದ ಪೊಮೇರಿಯನ್ ತುಂಬ ಸಣ್ಣದು, ಭುಜದ ಹತ್ರ 18ರಿಂದ 24 ಸೆಂಟಿಮೀಟರ್ ಎತ್ತರ, ತೂಕ ಹೆಚ್ಚಂದ್ರೆ 3 ಕೆಜಿ ಚಿಲ್ಲರೆ. ಆದ್ರೆ ತೂಕ ಒಂದೇ ನೋಡಿದ್ರೆ ಸಾಲದು, ಹೊಟ್ಟೆಗೆ ಸರಿಯಾಗಿ ಹಾಕದ ಸ್ಪಿಟ್ಜ್ ಕೂಡ ಸಣ್ಣ ಕಾಣ್ತದೆ. ಮುಖ ನೋಡಿ. ಪೊಮೇರಿಯನ್ನಿಗೆ ಮೂತಿ ಗಿಡ್ಡ, ಕಿವಿ ಪುಟ್ಟದು, ನೆತ್ತಿಯ ಮೇಲೆ ಹತ್ತಿರ ಹತ್ತಿರ ನಿಂತಿರ್ತದೆ. ಸ್ಪಿಟ್ಜಿಗೆ ಮೂತಿ ಉದ್ದ, ಕಿವಿ ಸ್ವಲ್ಪ ದೊಡ್ಡದು, ಕಾಲೂ ಉದ್ದ. ರೋಮಕ್ಕೆ ಕೈ ಹಾಕಿ ನೋಡಿದ್ರೆ ಇನ್ನೂ ಗೊತ್ತಾಗ್ತದೆ, ಎರಡಕ್ಕೂ ಎರಡು ಪದರ ಉಂಟು, ಆದ್ರೆ ಪೊಮೇರಿಯನ್ನಿನ ಒಳಪದರ ಎಷ್ಟು ದಟ್ಟ ಅಂದ್ರೆ ಮೇಲಿನ ಉದ್ದ ರೋಮ ಮೈಗೆ ಅಂಟದೆ ಸುತ್ತಲೂ ಎದ್ದು ನಿಲ್ತದೆ, ಬಾಲವೂ ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಿರ್ತದೆ. ಬಣ್ಣ ನಂಬಬೇಡಿ. ಪೊಮೇರಿಯನ್ ಕಿತ್ತಳೆ, ಕಪ್ಪು, ಕೆನೆ ಹೀಗೆ ಎಷ್ಟೋ ಬಣ್ಣದಲ್ಲಿ ಬರ್ತದೆ, ನಾವು ದಿನಾ ಕಾಣುವ ಆ ಅಚ್ಚ ಬಿಳಿ ಹೆಚ್ಚಾಗಿ ಸ್ಪಿಟ್ಜಿನದ್ದೇ.

ಹಿಂದೆ ಪೊಮೇರಿಯನ್ನೂ ಇಷ್ಟು ಸಣ್ಣ ಇರ್ಲಿಲ್ಲ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸಿನಿಂದ ತಂದ ಮಾರ್ಕೊ ಅನ್ನುವ ನಾಯಿ ಐದು ಕೆಜಿಗಿಂತ ಜಾಸ್ತಿ ಇತ್ತು, ಅಂದ್ರೆ ನಮ್ಮ ಸಣ್ಣ ಸ್ಪಿಟ್ಜಿನಷ್ಟೇ. ಆಮೇಲೆ ಸಣ್ಣದು ಸಣ್ಣದು ಆರಿಸಿ ಮರಿ ಮಾಡಿಸಿದ್ದು. ಹಾಗಿರುವಾಗ ದೊಡ್ಡದಾಯ್ತು ಅಂತ ಸ್ಪಿಟ್ಜನ್ನು ಕೀಳಾಗಿ ಕಾಣುದು ಯಾವ ನ್ಯಾಯ, ನಮ್ಮ ಸೆಕೆಗೆ ಅದೇ ಚೆನ್ನಾಗಿ ಹೊಂದಿಕೊಂಡದ್ದು.

ಮರಿ ಇರುವಾಗ ಎರಡೂ ಹತ್ತಿ ಉಂಡೆ ಹಾಗೆ, ನೋಡಿ ಹೇಳುದು ನಿಜವಾಗಿ ಕಷ್ಟ. ಅದಕ್ಕೆ ತಾಯಿನಾಯಿ ತೋರಿಸಿ ಅಂತ ಕೇಳಿ, ತೋರಿಸದವರತ್ರ ತಕ್ಕೊಳ್ಳಬೇಡಿ. 2017ರ ಕೇಂದ್ರದ ನಿಯಮದ ಪ್ರಕಾರ 8 ವಾರ ತುಂಬದ ಮರಿ ಮಾರುವ ಹಾಗೇ ಇಲ್ಲ, ಕಣ್ಣು ಸರಿ ಬಿಡುವ ಮೊದಲೇ ಬುಟ್ಟಿಲಿ ಇಟ್ಟು ಮಾರುದು ಮಾತ್ರ ನಿಂತಿಲ್ಲ. ಚಹಾ ಕಪ್ಪಿನಷ್ಟು ಸಣ್ಣ ಪೊಮೇರಿಯನ್, ಟೀಕಪ್ ಪಾಮ್ ಅಂತ ಹೆಚ್ಚು ದುಡ್ಡು ಕೇಳ್ತಾರಲ್ಲ, ಅಂಥ ತಳಿಯೇ ಇಲ್ಲ. ಮತ್ತೆ ನಾಲ್ಕರಿಂದ ಆರು ತಿಂಗಳಲ್ಲಿ ಪೊಮೇರಿಯನ್ ಮರಿಯ ರೋಮ ಉದುರಿ ಬಡಕಲು ಕಾಣ್ತದೆ, ಆಗ ಇದು ಜಾತಿ ನಾಯಿ ಅಲ್ಲ ಅಂತ ಗಾಬರಿ ಆಗಬೇಡಿ, ಹೊಸ ರೋಮ ಬರ್ತದೆ.

ಎರಡು ತಳಿಗೂ ಸೆಕೆ ಅಂತ ಬುಡದವರೆಗೆ ಬೋಳಿಸುದು ಬೇಡ, ರೋಮ ಮತ್ತೆ ಸರಿಯಾಗಿ ಬಾರದೆ ಹೋಗಬಹುದು. ಪೊಮೇರಿಯನ್ನಿನ ಶ್ವಾಸನಾಳ ಮೆತ್ತಗೆ, ಕುತ್ತಿಗೆಗೆ ಬೆಲ್ಟ್ ಹಾಕಿ ಎಳೀಬಾರ್ದು, ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು.

ತಾವು ಭಾನುವಾರದ ಪುರವಣಿಲಿ ಒಂದ್ಸಲ ಈ ಎರಡೂ ನಾಯಿಗಳ ಫೋಟೋ ಅಕ್ಕಪಕ್ಕ ಹಾಕಿ, ಪಕ್ಕದಿಂದ ತೆಗೆದದ್ದು ಒಂದು, ಎದುರಿಂದ ಒಂದು. ಊರಿನ ವೆಟರ್ನರಿ ಡಾಕ್ಟರ್ ಹತ್ರ ನಾಲ್ಕು ಮಾತು ಬರೆಸಿದ್ರೆ ಮರಿ ತಕ್ಕೊಳ್ಳುವ ಮೊದಲು ಜನ ಅದನ್ನೇ ಕೈಲಿ ಹಿಡ್ಕೊಂಡು ಹೋಗ್ತಾರೆ.

ಇಂತಿ,
ಓರ್ವ ಓದುಗ, ಬದಿಯಡ್ಕ, ಕಾಸರಗೋಡು