ಔಟ್‌ರೈಡರ್ ಆಗಲಿರುವ ಮಗಳಿಗೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಕೆಂಟಕಿಯ ರೇಸ್ ಟ್ರ್ಯಾಕಿನಲ್ಲಿ ನಿನ್ನನ್ನು ಔಟ್‌ರೈಡರ್ ಕೆಲಸಕ್ಕೆ ಕರೆದಿದ್ದಾರೆಂದು ನಿನ್ನ ಕಾಗದ ಓದಿ ಹಿಗ್ಗಿದೆ. ಜೊತೆಗೇ ಸಣ್ಣದೊಂದು ಅಳುಕೂ ಹುಟ್ಟಿತು. ಮೈಸೂರಿನಲ್ಲಿ ರೈಡಿಂಗ್ ಬಾಯ್ ಆಗಿದ್ದು, ಬಳಿಕ ನೀನಿರುವ ಸೀಮೆಯಲ್ಲೇ ಹನ್ನೊಂದು ವರ್ಷ ಬೆಳಗಿನ ಹೊತ್ತು ಕುದುರೆ ಓಡಿಸಿದವನಾದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ರೇಸಿಗೆ ಮುಂಚೆ ಕುದುರೆಗಳ ಸಾಲನ್ನು ಓಟ ಶುರುವಾಗುವ ಗೇಟಿನವರೆಗೆ ಕರೆದೊಯ್ಯುವ ಔಟ್‌ರೈಡರ್‌ಗಳನ್ನು ಜನ ನೋಡುತ್ತಾರೆ. ಆದರೆ ಜಾಕಿಯನ್ನು ಬೀಳಿಸಿ, ಲಗಾಮು ಕಾಲಿಗೆ ಸಿಕ್ಕಿಸಿಕೊಂಡು, ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ನುಗ್ಗುವ 450–500 ಕಿಲೋ ತೂಕದ ಪ್ರಾಣಿಗೆ ಅಡ್ಡಹೋಗಬೇಕಾದ ಆ ಕೆಲವು ಕ್ಷಣಗಳಿಗಾಗಿಯೇ ನಿನಗೆ ಸಂಬಳ.

ನನ್ನ ತಪ್ಪೊಂದನ್ನು ಹೇಳುತ್ತೇನೆ. ಒಂದು ಮುಂಜಾನೆ ತಪ್ಪಿಸಿಕೊಂಡ ಎಳೆಯ ಹೆಣ್ಣು ಕುದುರೆಯೊಂದನ್ನು ಹಿಡಿಯುವ ಹುಮ್ಮಸ್ಸಿನಲ್ಲಿ ನಾನು ಹಿಂದಿನಿಂದ ಅಟ್ಟಿಸಿಕೊಂಡು ಹೋದೆ. ಬೆನ್ನ ಹಿಂದೆ ಗೊರಸಿನ ಸದ್ದು ಕೇಳಿದಷ್ಟೂ ಅದು ರೇಸೆಂದೇ ಬಗೆದು ಇನ್ನಷ್ಟು ಬಿರುಸಾಯಿತು. ತಿರುವಿನಾಚೆ ನಿಂತಿದ್ದ ಹಿರಿಯ ಔಟ್‌ರೈಡರ್ ಒಬ್ಬರು ಅದು ಹತ್ತಿರ ಬರುವ ಮೊದಲೇ ತಮ್ಮ ಕುದುರೆಯನ್ನು ಅದೇ ದಿಕ್ಕಿಗೆ ಓಡಿಸಲು ತೊಡಗಿ, ಅದು ಪಕ್ಕಕ್ಕೆ ಬಂದಾಗ ವೇಗ ಸರಿಗೂಡಿಸಿಕೊಂಡು, ಕಡಿವಾಣದ ಬಳೆಯ ಹತ್ತಿರ ಲಗಾಮಿನೊಳಗೆ ಬೆರಳು ತೂರಿಸಿದರು. ಅವರು ಜಗ್ಗಲಿಲ್ಲ. ಎರಡೂ ಕುದುರೆಗಳು ಒಂದೇ ಹೆಜ್ಜೆಗೆ ಬರುವ ತನಕ ಜೊತೆಯಲ್ಲೇ ಓಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ನಿಧಾನಿಸಿದರು. ನೊರೆ ಕಟ್ಟಿದ ಅದರ ಕುತ್ತಿಗೆಯ ಮೇಲೆ ಅವರು ಅಂಗೈ ಇಟ್ಟುಕೊಂಡೇ ಮರಳಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಡಿಯುವ ಕೆಲಸದ ಮುಕ್ಕಾಲು ಪಾಲು ನೀನು ಎಲ್ಲಿ ನಿಂತಿರುತ್ತೀ ಎಂಬುದರಲ್ಲಿಯೇ ಇದೆ.

2022ರ ಕೆಂಟಕಿ ಡರ್ಬಿಯಲ್ಲಿ, ಬಾಜಿಯಲ್ಲಿ 80ಕ್ಕೆ 1ರ ದರವಿದ್ದ ರಿಚ್ ಸ್ಟ್ರೈಕ್ ಎಂಬ ಕುದುರೆ ಗೆದ್ದ ಮೇಲೆ ಔಟ್‌ರೈಡರ್‌ನನ್ನೂ ಅವನ ಪೋನಿಯನ್ನೂ ಕಚ್ಚಲು ನುಗ್ಗಿದ್ದನ್ನು ನೀನೂ ನೋಡಿರಬೇಕು. (ಅಲ್ಲಿ ಜೊತೆಗೊಯ್ಯುವ ಕುದುರೆ ಎಷ್ಟು ಎತ್ತರವಿದ್ದರೂ ಪೋನಿಯೇ.) ಅವನು ಕುದುರೆಯ ಮುಖಕ್ಕೆ ಗುದ್ದಿದ್ದನ್ನು ಕಂಡು ಬಹಳ ಮಂದಿ ಸಿಟ್ಟಾದರು. ಆ ಗುದ್ದನ್ನು ನೀನು ಕಲಿಯುವುದು ಬೇಡ. ಆದರೆ ದಣಿದ ಜಾಕಿ ಬೆನ್ನ ಮೇಲಿದ್ದು, ಸುತ್ತಲೂ ಜನ ಮತ್ತು ಕ್ಯಾಮೆರಾಗಳಿದ್ದಾಗ ಅವನು ಲಗಾಮು ಬಿಡಲಿಲ್ಲವೆಂಬುದನ್ನು ಗಮನಿಸು. ಬಿಟ್ಟಿದ್ದರೆ ಆ ಕುದುರೆ ಯಾರ ಮೇಲೆ ಎರಗುತ್ತಿತ್ತೋ ಹೇಳಲಾಗದು.

ಬೆಳಗಿನ ತಾಲೀಮಿನಲ್ಲಿ ನಿನ್ನ ಮಾತು ನಡೆಯಲೇಬೇಕು. ಓಡುವವರು ಒಳರೇಲಿನ ಕಡೆ, ಎದುರು ದಿಕ್ಕಿನಲ್ಲಿ ಮೆಲ್ಲಗೆ ಸಾಗುವವರು ಹೊರರೇಲಿನ ಕಡೆ ಇರಬೇಕೆಂಬ ನಿಯಮವನ್ನು ಮೀರಿದವನು ಎಷ್ಟೇ ದೊಡ್ಡ ಟ್ರೇನರ್‌ನ ಸವಾರನಾಗಿರಲಿ, ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಬಂದವನು ನಿನ್ನ ಗೆಳೆಯನೇ ಆಗಿರಲಿ, ದಾಕ್ಷಿಣ್ಯ ನೋಡದೆ ಟ್ರ್ಯಾಕಿನಿಂದ ಆಚೆ ಕಳಿಸು. ಸಂಜೆ ಬೇಕಾದರೆ ಅವನಿಗೆ ಕಾಫಿ ಕೊಡಿಸು.

ನಿನಗೆ ಕೊಡಲಿರುವ ಕುದುರೆ, ಪಕ್ಕದಲ್ಲಿ ಇನ್ನೊಂದು ಬಂದು ಮೈಗೆ ಉಜ್ಜಿದಾಗ ನಿಲ್ಲುತ್ತದೆಯೋ, ಸರಿದುಹೋಗುತ್ತದೆಯೋ? ಕೆಲಸಕ್ಕೆ ಒಪ್ಪುವ ಮುನ್ನ ಒಂದು ವಾರ ಅದನ್ನು ಸವಾರಿ ಮಾಡಿ ನೋಡಿ, ನನಗೆ ಬರೆ.

ಇತಿ,
ನಿನ್ನ ದೊಡ್ಡಪ್ಪ