ಬ್ಲೇಡು ಎತ್ತುವ ಮೊದಲು ಇದನ್ನು ಓದು

ಗೆಳೆಯಾ,

ನೀನು ಕಳಿಸಿದ ಫೋಟೋವನ್ನು ನಿನ್ನೆ ರಾತ್ರಿಯಿಂದ ತೆಗೆದು ತೆಗೆದು ನೋಡುತ್ತಿದ್ದೇನೆ. ಮುಂಗೈ ಮೇಲೆ ಪೆನ್ನಿನಲ್ಲಿ ಎಳೆದ ಮೂರು ಗೆರೆ. ಪಕ್ಕದಲ್ಲಿ ಬ್ಲೇಡು, ಕತ್ತಲಲ್ಲಿ ಹೊಳೆಯುವ ಪುಡಿಯ ಪ್ಯಾಕೆಟ್ಟು. ಗೆರೆಯುದ್ದಕ್ಕೂ ಕೊಯ್ದು, ಪುಡಿ ತುಂಬಿ, ಗಾಯ ಮಾಯ್ದ ಮೇಲೆ ಕಲೆ ಹೊಳೆಯಬೇಕು ಅಂತ ನಿನ್ನ ಆಸೆ. ಆಸೆ ನನಗೆ ಅರ್ಥವಾಗುತ್ತದೆ. ಮೈ ನಿನ್ನದು. ಆದರೆ ಆ ಪುಡಿ ಮಾತ್ರ ಬೇಡ ಕಣೋ. ಇದೇ ಆಸೆ ಇರುವವರು ಇನ್ನೂ ಇರಬಹುದು ಅಂತ, ನಿನ್ನ ಹೆಸರು ಹಾಕದೆ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅದು ನೀನಂದುಕೊಂಡ ಹಾಗೆ ಹೊಳೆಯುವುದೇ ಕಷ್ಟ. ರಾತ್ರಿಯೆಲ್ಲ ಹೊಳೆಯುತ್ತದೆ ಅಂತ ಮಾರುವ ಪುಡಿ ಸಾಮಾನ್ಯವಾಗಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಅನ್ನುವ ರಾಸಾಯನಿಕ. ಅದಕ್ಕೆ ಚೂರೇ ಚೂರು ಯೂರೋಪಿಯಂ, ಡಿಸ್ಪ್ರೋಸಿಯಂ ಅನ್ನುವ ಲೋಹಗಳನ್ನು ಬೆರೆಸಿರುತ್ತಾರೆ. ಅದು ನೇರಳಾತೀತ ಮತ್ತು ನೀಲಿ ಬೆಳಕನ್ನು ಕುಡಿದು, ಆಮೇಲೆ ನಿಧಾನವಾಗಿ ಹಸಿರು ಬೆಳಕು ಬಿಡುತ್ತದೆ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇರುವುದೇ ಆ ಬೆಳಕನ್ನು ತಡೆಯಲು, ಅಲ್ವಾ? ಒಳಗೆ ಹೋಗುವ ಬೆಳಕೂ ಸೋಸಿ ಹೋಗುತ್ತದೆ, ಹೊರಗೆ ಬರುವುದೂ ಸೋಸಿ ಬರುತ್ತದೆ. ದೊಡ್ಡ ಕಣ ಇದ್ದಷ್ಟೂ ಹೊಳಪು ಜಾಸ್ತಿ, ನಿಜ. ಆದರೆ ದೊಡ್ಡ ಕಣವನ್ನು ಮೈಯೊಳಗಿನ ಜೀವಕೋಶಗಳು ನುಂಗಲಾರವು, ಸುತ್ತ ಗೋಡೆ ಕಟ್ಟಿ ಗಂಟು ಮಾಡಿಬಿಡುತ್ತವೆ. ಜೊತೆಗೆ ಈ ಪುಡಿಗೆ ನೀರು ಆಗಿಬರುವುದಿಲ್ಲ. ಮೇಲೆ ಲೇಪನ ಇಲ್ಲದಿದ್ದರೆ ನೀರು ತಾಗಿದಾಗ ಒಡೆದು ಕ್ಷಾರವಾಗುತ್ತದೆ. ಹಸಿ ಗಾಯದ ಒಳಗೆ ಇರುವುದೇ ನೀರು.

ಪ್ಯಾಕೆಟ್ ಮೇಲೆ 'ವಿಷವಲ್ಲ' ಅಂತ ಬರೆದಿದೆ ಅಂದೆ. ಅದು ಗೋಡೆಗೆ ಬಳಿಯುವವರಿಗೆ, ಆಟಿಕೆಗೆ ಬೆರೆಸುವವರಿಗೆ ಹೇಳಿದ ಮಾತು. ಸುಮಾರು 1917ರಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರಿಗೂ ಏನೂ ಆಗಲ್ಲ ಅಂತಲೇ ಹೇಳಿದ್ದರು. ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿಕೊಳ್ಳುತ್ತಿದ್ದರು. ಖುಷಿಗೆ ಉಗುರಿಗೆ, ಹಲ್ಲಿಗೂ ಹಚ್ಚಿಕೊಂಡರು. ಆಮೇಲೆ ದವಡೆಯ ಮೂಳೆಯೇ ಕೊಳೆಯಿತು. ನಿನ್ನ ಪುಡಿಯಲ್ಲಿ ರೇಡಿಯಂ ಇಲ್ಲ, ಹೆದರಿಸುತ್ತಿಲ್ಲ. ಹೊಳೆಯುವುದನ್ನು ಕಂಡರೆ ಮೈಗೆ ಹಚ್ಚಿಕೊಳ್ಳಬೇಕು ಅನ್ನಿಸುವುದು ನಿನಗೆ ಮಾತ್ರವಲ್ಲ ಅಂತ ಹೇಳಿದೆ.

ನನ್ನ ಕಿವಿ ನಿನಗೆ ಗೊತ್ತಲ್ಲ. ಸೂಜಿಯನ್ನು ಬೆಂಕಿಗೆ ಹಿಡಿದು ನಾನೇ ಚುಚ್ಚಿಕೊಂಡಿದ್ದು. ಮೂರನೇ ದಿನ ಕಿವಿ ಕೆಂಪಗೆ ಊದಿ, ದಿಂಬಿಗೆ ತಲೆ ಇಡಲು ಆಗಲಿಲ್ಲ. ಕೀವು ನಿಂತ ಮೇಲೆ ಗಾಯ ಬೆಳೆಯತೊಡಗಿತು. ತೂತಿನ ಅಂಚು ದಾಟಿ, ಬಟಾಣಿ ಗಾತ್ರದ ನುಣುಪಾದ ಗಂಟು. ರಾತ್ರಿ ಎದ್ದು ಕೆರೆದುಕೊಳ್ಳುವಷ್ಟು ತುರಿಕೆ. ಕೀಲಾಯ್ಡ್ ಅಂದರು ವೈದ್ಯರು. ಕಪ್ಪು ಮೈಬಣ್ಣದವರಲ್ಲಿ ಇದು ಜಾಸ್ತಿ, ಕತ್ತರಿಸಿ ತೆಗೆದರೂ ಮತ್ತೆ ಬರಬಹುದು. ಗಂಟಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡಾಗ ಕಣ್ಣಲ್ಲಿ ನೀರು ಬಂತು. ನೀನು ಮೂರು ಉದ್ದ ಗೆರೆ ಎಳೆದಿದ್ದೀಯ. ಕಲೆ ಹೇಗೆ ಮಾಯಬೇಕು ಅನ್ನುವುದು ನಿನ್ನ ಕೈಯಲ್ಲಿಲ್ಲ.

ಬೇಕೇ ಬೇಕು ಅಂದರೆ ಮೇಲಿಂದ ಹಚ್ಚು. ಪೂರ್ತಿ ಮಾಯ್ದ ಹಳೆಯ ಕಲೆಯ ಮೇಲೆ, ಚರ್ಮಕ್ಕೆಂದೇ ಮಾಡಿದ ಹೊಳೆಯುವ ಬಣ್ಣ. ಮೊದಲು ಕೈಯ ಒಳಬದಿಯಲ್ಲಿ ಒಂದು ಚುಕ್ಕೆ ಇಟ್ಟು ಒಂದು ದಿನ ಕಾದು ನೋಡು. ಕೊಯ್ದೇ ಕಲೆ ಬೇಕು ಅನ್ನುವುದಾದರೆ, ಅದೇ ಕೆಲಸ ಕಲಿತವರ ಹತ್ತಿರ ಹೋಗು, ಉಪಕರಣದ ರೋಗಾಣು ಕೊಲ್ಲುವ ಹಬೆಯಂತ್ರ, ಆಟೋಕ್ಲೇವ್, ಇದೆಯಾ ಅಂತ ಕೇಳು. ಅದರಲ್ಲಿ 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಉಪಕರಣ 15 ನಿಮಿಷವಾದರೂ ಇರಬೇಕು. ಸುಮ್ನೆ ಕುದಿಸಿದರೆ ಧನುರ್ವಾಯು ರೋಗಾಣುವಿನ ಬೀಜಕಣ ಸಾಯುತ್ತದೆ ಅಂತ ನಂಬಬೇಡ. ಆಗಲೂ ಪುಡಿ ಬೇಡ.

ಈಗಾಗಲೇ ಮಾಡಿಬಿಟ್ಟಿದ್ದರೆ ಬೈಯುವುದಿಲ್ಲ. ಕೆದಕಿ ತೆಗೆಯಲು ಹೋಗಬೇಡ. ಹರಿಯುವ ನೀರಲ್ಲಿ ತೊಳೆದು, ಪ್ಯಾಕೆಟ್ ಹಿಡಿದುಕೊಂಡೇ ಇವತ್ತೇ ಡಾಕ್ಟರ ಹತ್ತಿರ ಹೋಗು, ಧನುರ್ವಾಯು ತಡೆಯುವ ಇಂಜೆಕ್ಷನ್ ಬಗ್ಗೆ ಕೇಳು. ಕೆಂಪು ಹರಡಿದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡ.

ಇನ್ನೊಂದು ಮಾತು, ಇದನ್ನು ಕೇಳದೆ ಇರಲಾರೆ. ಇದು ಬರೀ ಹೊಳಪಿನ ಆಸೆಯಾ, ಇಲ್ಲ ಕೊಯ್ದುಕೊಂಡರೆ ಹಗುರಾಗುತ್ತದೆ ಅನ್ನಿಸುತ್ತಿದೆಯಾ? ಎರಡನೆಯದಾಗಿದ್ದರೆ ಈ ಪತ್ರವನ್ನು ಇಲ್ಲೇ ಬಿಟ್ಟು ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ.

ನಿನ್ನವ