ನಮ್ ಸಂಡೂರು ಗುಡ್ಡಕ್ಕೂ ಒಂದು ಕಾಲ್ದಾರಿ ಕೊಡ್ರಿ

ಸಂಪಾದಕರಿಗೆ ನಮಸ್ಕಾರ,

ಬಳ್ಳಾರಿ ಕೌಲ್ ಬಜಾರಲ್ಲಿ ನಂದೊಂದು ಸಣ್ಣ ಜೆರಾಕ್ಸ್ ಮತ್ತು ನೆಟ್ ಸೆಂಟರ್ ಐತೆ, ಆಧಾರ್, ಪಹಣಿ, ರಿಸಲ್ಟು ಇವನ್ನ ಪ್ರಿಂಟ್ ಹೊಡ್ಕೊಂಡು ಜೀವನ. ಈಚೆಗೆ ಒಂದು ಹೊಸ ಗಿರಾಕಿ ಶುರುವಾಗೈತೆ. ಶುಕ್ರವಾರ ಸಂಜೆ ಆಯ್ತು ಅಂದ್ರೆ ಕಾಲೇಜ್ ಹುಡುಗ್ರು, ತೋರಣಗಲ್ಲು ಕಡೆ ಡ್ಯೂಟಿ ಮಾಡೋ ಹುಡುಗ್ರು ಬೆನ್ನಿಗೆ ಬ್ಯಾಗ್ ಏರಿಸ್ಕೊಂಡು ಬಂದು "ಅಣ್ಣ ಟ್ರೆಕಿಂಗ್ ಟಿಕೆಟ್ ಪ್ರಿಂಟ್ ಕೊಡು, ಲೇಟಾತು" ಅಂತ ಗಡಿಬಿಡಿ ಮಾಡ್ತಾರೆ. ಕುದುರೆಮುಖ, ಕುಮಾರ ಪರ್ವತ, ನೇತ್ರಾವತಿ. ಎಷ್ಟೋ ಟಿಕೆಟ್ ಪ್ರಿಂಟ್ ಹೊಡ್ದೀನಿ, ಆದ್ರೆ ಸಂಡೂರಿಗೆ ಅಂತ ಒಂದೂ ಇಲ್ಲ. ನನ್ ಅಂಗಡಿಯಿಂದ ಕುದುರೆಮುಖಕ್ಕೆ ರಾತ್ರಿಯೆಲ್ಲಾ ಪ್ರಯಾಣ, ಸಂಡೂರಿಗೆ ಬೈಕಲ್ಲಿ ಒಂದು ತಾಸು ಚಿಲ್ಲರೆ ಅಷ್ಟೆ.

ಪ್ರಿಂಟ್ ಹೊಡ್ದು ಹೊಡ್ದು ನಮಗೂ ಆಸೆ ಬಂತು. ಡಿಸೆಂಬರಲ್ಲಿ ನಾವು ನಾಲ್ಕು ಜನ ಕುದುರೆಮುಖಕ್ಕೆ ಹೋದ್ವಿ, ಎಲ್ರಿಗೂ ನಲವತ್ತು ದಾಟೈತೆ, ಒಬ್ಬಂಗಂತೂ ಹೊಟ್ಟೆ ಮುಂದೆ ಹೋಗ್ತದೆ ಅವನು ಹಿಂದೆ ಬರ್ತಾನೆ. ಶನಿವಾರ ಭಾನುವಾರ ಬುಕಿಂಗ್ ಫುಲ್, ಕೊನಿಗೆ ಬುಧವಾರ ಸಿಕ್ತು. ಯಾಕಂದ್ರೆ ದಿನಕ್ಕೆ 300 ಮಂದಿಗೆ ಅಷ್ಟೇ ಬಿಡ್ತಾರೆ. ಈ ರೂಲು ಸುಮ್ನೆ ಬಂದಿದ್ದಲ್ಲ. 2024ರ ಜನವರಿ ಕೊನಿಗೆ ರಜಾ ಸಾಲಾಗಿ ಬಂದಾಗ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿ ಜಾತ್ರೆ ಥರ ಸಾಲು ನಿಂತಿದ್ದ ವಿಡಿಯೋ ನೀವೂ ನೋಡಿರ್ತೀರಿ, ಆಮ್ಯಾಲೆ ಸರ್ಕಾರ ಟ್ರೆಕಿಂಗ್ ನಿಲ್ಸಿ, ಆನ್‌ಲೈನ್ ಬುಕಿಂಗ್ ಮಾಡಿದೋರಿಗೆ ಮಾತ್ರ, ಅದೂ ಲೆಕ್ಕ ಹಾಕಿ ಬಿಡೋ ಪದ್ಧತಿ ತಂತು. ಫೋನ್ ಬಳಸಕ್ಕೆ ಬರದೋರಿಗೆ ಇದು ಕಷ್ಟಾನೆ, ಅಂಥೋರಿಂದಾನೆ ನನ್ ಅಂಗಡಿ ನಡಿಯೋದು ಅದು ಬ್ಯಾರೆ ಮಾತು, ಆದ್ರೆ ಅಲ್ಲಿ ಹೋಗಿ ನೋಡಿದ ಮ್ಯಾಲೆ ಈ ರೂಲು ಸರಿ ಐತೆ ಅನಿಸ್ತು.

ಕಳಸದ ಹತ್ರ ಸಂಸೆ, ಅಲ್ಲಿಂದ ಜೀಪಲ್ಲಿ ಮುಳ್ಳೋಡಿ. ಜೀಪ್ ಸವಾರಿ ಬಗ್ಗೆ ಬರಿಯಲ್ಲ, ಸೊಂಟ ಇನ್ನೂ ನೋಯ್ತೈತೆ. ಗೇಟಲ್ಲಿ ನಮ್ ಬ್ಯಾಗ್ ಬಿಚ್ಚಿಸಿದ್ರು. ಮಂಡಕ್ಕಿ ಒಗ್ಗರಣೆ ಕಟ್ಟಿಸ್ಕೊಂಡಿದ್ದ ಪ್ಲಾಸ್ಟಿಕ್ ಕವರ್ ಹೊರಗೆ ತೆಗೆಸಿ, ಡಬ್ಬಿಗೆ ಹಾಕ್ಸಿ, ಆಮ್ಯಾಲೆ ಒಳಗೆ ಬಿಟ್ರು. ಜೊತಿಗೆ ಅಲ್ಲಿಯವನೇ ಒಬ್ಬ ಹುಡುಗ ಗೈಡ್ ಬಂದ. ಹೋಗಿ ಬರೋದು ಸುಮಾರು 20 ಕಿಲೋಮೀಟರ್, ಶಿಖರ 1,894 ಮೀಟರ್, ಮ್ಯಾಲೆ ಟೆಂಟ್ ಹಾಕೋ ಹಂಗಿಲ್ಲ, ಸಂಜಿ ಒಳಗೆ ವಾಪಸ್ ಬರಬೇಕು. ನಮ್ ಹೊಟ್ಟೆ ಸ್ನೇಹಿತ ಹವಾಯಿ ಚಪ್ಪಲಿ ಹಾಕ್ಕಂಡು ಬಂದಿದ್ದ, ಒಂಟಿಮರದ ಹತ್ರ ಹೋಗೋದ್ರೊಳಗೆ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತು ಬಂತು. ಗೈಡ್ ಹುಡುಗ ಬಳ್ಳಿ ಕಿತ್ತು ಕಟ್ಟಿಕೊಟ್ಟ, ಅದ್ರಲ್ಲೇ ತುದಿ ಮುಟ್ಟಿ ಬಂದ ಪುಣ್ಯಾತ್ಮ.

ಗುಡ್ಡ ಅಂದ್ರೆ ನಮಗೆ ಗೊತ್ತಿರೋದು ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡ. ಬರೀ ಬಂಡೆ, ಮಧ್ಯಾಹ್ನ ಕೈ ಇಟ್ರೆ ಸುಡ್ತೈತೆ. ಅಲ್ಲಿ ನೋಡಿದ್ರೆ ಗುಡ್ಡದ ಮೈಯೆಲ್ಲಾ ಹುಲ್ಲು, ಮಡಿಕೆ ಬಿದ್ದ ಕಡೆ ಮಾತ್ರ ಕಪ್ಪಗೆ ದಟ್ಟ ಕಾಡು. ಮರ ಯಾರೋ ಕಡಿದಾರೆ ಅನ್ಕೊಂಡೆ. ಅದಲ್ಲ, ಅದಕ್ಕೆ ಶೋಲಾ ಅಂತಾರೆ, ಅದು ಇರೋದೇ ಹಂಗೆ ಅಂದ ಹುಡುಗ. ಮಳಿ ನೀರನ್ನ ಆ ಹುಲ್ಲು, ಬೇರು, ಎಲೆಗೊಬ್ಬರ ಎಲ್ಲಾ ಕೌದಿ ನೆನೆದಂಗೆ ಹೀರಿ ಇಟ್ಕೊಂಡು, ಆಮ್ಯಾಲೆ ತಿಂಗಳುಗಟ್ಲೆ ಸ್ವಲ್ಪ ಸ್ವಲ್ಪ ಬಿಡ್ತೈತಂತೆ. ಡಿಸೆಂಬರಲ್ಲೂ ಹಳ್ಳ ಹರೀತಿತ್ತು. ನಮ್ ಕಡೆ ಮಳಿ ನಿಂತ ಮೂರನೇ ದಿನಕ್ಕೆ ಹಳ್ಳದಲ್ಲಿ ಕ್ರಿಕೆಟ್ ಆಡ್ತಾರೆ.

ಆ ಹಳ್ಳದ ನೀರು ಎಲ್ಲಿಗೆ ಹೋಗ್ತೈತೆ ಅಂದೆ. ಭದ್ರಾಕ್ಕೆ ಅಂದ. ಸ್ವಾಮಿ, ನನಗೆ ಒಂದು ನಿಮಿಷ ಮಾತೇ ಬರಲಿಲ್ಲ. ಇದೇ ಕಾಡಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ತಾವೆ, ನೇತ್ರಾವತಿ ಸಮುದ್ರದ ಕಡೆ ಇಳೀತೈತೆ, ತುಂಗಾ ಭದ್ರಾ ಎರಡೂ ಕೂಡ್ಲಿಯಲ್ಲಿ ಕೂಡಿ ನಮ್ ಕಡೆ ತಿರುಗ್ತಾವೆ, ಟಿಬಿ ಡ್ಯಾಮ್ ತುಂಬಿಸ್ತಾವೆ, ಅಲ್ಲಿಂದ ಕಾಲುವೆ ಹಿಡ್ಕೊಂಡು ನಮ್ ಅಲ್ಲೀಪುರ ಕೆರೆಗೆ, ಅಲ್ಲಿಂದ ನಮ್ ನಲ್ಲಿಗೆ. ಶಾಲೆಯಲ್ಲಿ ಓದಿದ್ದೇ, ಆದ್ರೆ ಬೊಗಸೆಯಲ್ಲಿ ಆ ನೀರು ಹಿಡಿದಾಗಲೇ ತಲೆಗೆ ಹೋಗಿದ್ದು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದಾಗ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆ ನಿದ್ದಿಗೆಟ್ಟಿದ್ವು. ಕಟ್ಟಿದಾಗ 133 ಟಿಎಂಸಿ ಹಿಡೀತಿದ್ದ ಡ್ಯಾಮು ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದೈತೆ. ಗೇಟಿನ ಬಗ್ಗೆ ಅಷ್ಟು ಮಾತಾಡ್ತೀವಿ, ನೀರು ಹೊರಡೋ ಗುಡ್ಡ ಒಬ್ರೂ ನೋಡಿಲ್ಲ.

ಅದೇ ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೀತಿದ್ರು ಅನ್ನೋದು ಈಗಿನ ಹುಡುಗ್ರಿಗೆ ಗೊತ್ತಿಲ್ಲ. ಅದಿರನ್ನ ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಲ್ಲಿ ಮಂಗಳೂರಿಗೆ ಕಳಿಸ್ತಿದ್ರು, ಉಳಿದ ಕೆಸರು ನಿಲ್ಸಕ್ಕೆ ಲಕ್ಯಾ ಅಂತ 100 ಮೀಟರ್ ಎತ್ತರದ ಅಣೆಕಟ್ಟೇ ಕಟ್ಟಿದ್ರು. 1987ರಲ್ಲಿ ಅದು ನ್ಯಾಷನಲ್ ಪಾರ್ಕ್ ಆತು, ಗಣಿ ಮಾತ್ರ ನಡೀತಾನೆ ಇತ್ತು, ಜನ ವರ್ಷಗಟ್ಲೆ ಹೋರಾಡಿ, ಸುಪ್ರೀಂ ಕೋರ್ಟ್ ಹೇಳಿ, 2005ರ ಡಿಸೆಂಬರ್ 31ಕ್ಕೆ ನಿಂತಿದ್ದು. 2012ರಲ್ಲಿ ಪಶ್ಚಿಮ ಘಟ್ಟಕ್ಕೆ ವಿಶ್ವ ಪರಂಪರೆ ಪಟ್ಟ ಸಿಕ್ಕಾಗ ಕರ್ನಾಟಕದ 10 ಜಾಗದಲ್ಲಿ ಇದೂ ಒಂದು.

ಈಗ ನಮ್ ಕಡೆ ಬರ್ರಿ. ಅಲ್ಲಿ ಗಣಿ ಮಾಡಿದ ಆ ಸರ್ಕಾರಿ ಕಂಪನಿ ಕೆಐಒಸಿಎಲ್‌ಗೆ ನಮ್ ಸಂಡೂರಿನ ದೇವದಾರಿ ಗುಡ್ಡದಲ್ಲಿ ಗಣಿ ಮಂಜೂರಾಗೈತೆ, ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಜಾಸ್ತಿ ಮರ. 2024ರ ಜೂನಲ್ಲಿ ರಾಜ್ಯದ ಅರಣ್ಯ ಮಂತ್ರಿಗಳು ಕುದುರೆಮುಖದ ಹಳೇ ಬಾಕಿ ತೀರಿಸೋ ತನಕ ಜಾಗ ಕೊಡಬ್ಯಾಡ್ರಿ ಅಂದ್ರು, ಅದು ದೊಡ್ಡ ಸುದ್ದಿ ಆತು, ನಿಮ್ ಪೇಪರಲ್ಲೂ ಬಂತು. ಅವತ್ತು ನನ್ ಅಂಗಡಿಗೆ ಬಂದ ಹುಡುಗ್ರನ್ನ ಕೇಳಿದೆ, ದೇವದಾರಿ ಎಲ್ಲೈತೆ ಹೇಳ್ರಿ ಅಂತ. ಹತ್ತು ಮಂದಿಯಲ್ಲಿ ಒಬ್ಬನಿಗೆ ಗೊತ್ತಿತ್ತು, ಅವನೂ ಸಂಡೂರಿನವನೇ. ಹೆಸರಲ್ಲೇ ದಾರಿ ಐತೆ ನೋಡ್ರಿ, ನಡಿಯಕ್ಕೆ ದಾರಿ ಇಲ್ಲ. ಮುಳ್ಳೋಡಿ ಗೊತ್ತು, ದೇವದಾರಿ ಗೊತ್ತಿಲ್ಲ. ಹುಡುಗ್ರನ್ನ ಬೈದು ಏನು ಉಪಯೋಗ, ನಾನೇ ನಲವತ್ತು ವರ್ಷ ಆದ್ರೂ ಸಂಡೂರಲ್ಲಿ ಕುಮಾರಸ್ವಾಮಿ ಗುಡಿ, ನಾರಿಹಳ್ಳ ಡ್ಯಾಮ್ ಬಿಟ್ಟು ಏನೂ ನೋಡಿಲ್ಲ. ಗುಡ್ಡ ಅಂದ್ರೆ ಲಾರಿ, ಕೆಂಪು ಧೂಳು, 2011ರಲ್ಲಿ ಕೋರ್ಟ್ ಗಣಿ ನಿಲ್ಸಿದ್ದು, ಇಷ್ಟೇ ನಮ್ ತಲೆಯಲ್ಲಿ.

ಅದಕ್ಕೆ ನನ್ ಬೇಡಿಕೆ ಒಂದೇ. ಸಂಡೂರು ಗುಡ್ಡದಲ್ಲಿ ಅರಣ್ಯ ಇಲಾಖೆ ಎರಡೋ ಮೂರೋ ಕಾಲ್ದಾರಿ ಗುರುತು ಮಾಡ್ಲಿ. ಗಣಿ ಬಾಧಿತ ಪ್ರದೇಶ ಸರಿ ಮಾಡಕ್ಕೆ ಅಂತಾನೆ ಇರೋ ಸರ್ಕಾರಿ ನಿಗಮ ಕೆಎಂಇಆರ್‌ಸಿ ಕೈಯಲ್ಲಿ ಸಾವಿರಾರು ಕೋಟಿ ಐತೆ, ಕಾಲ್ದಾರಿಗೆ ಅದ್ರಲ್ಲಿ ಚೂರು ಸಾಕು. ದಿನಕ್ಕೆ 300 ಕೂಡ ಬ್ಯಾಡ, ನಮ್ ಗುಡ್ಡ ಸಣ್ಣದು, ನೂರೇ ಬಿಡ್ರಿ. ಅಲ್ಲಿಯ ಹಳ್ಳಿ ಹುಡುಗ್ರಿಗೆ ಟ್ರೈನಿಂಗ್ ಕೊಟ್ಟು ಗೈಡ್ ಮಾಡ್ರಿ, ಗಣಿಗೆ ಡ್ರೈವರ್ ಆಗೋದು ಒಂದೇ ನೌಕರಿ ಅನ್ಕೊಂಡಾರೆ ಪಾಪ. ಮೆಟ್ಲು ಕಟ್ಟಬ್ಯಾಡ್ರಿ, ಕಾಂಕ್ರೀಟ್ ಬ್ಯಾಡ, ರೋಪ್‌ವೇ, ಗಾಜಿನ ಸೇತುವೆ, ಸೆಲ್ಫಿ ಪಾಯಿಂಟ್ ದೇವರಾಣೆ ಬ್ಯಾಡ. ಕುದುರೆಮುಖದಲ್ಲಿ ಅದೇನೂ ಇಲ್ಲ, ಮಣ್ಣಿನ ದಾರಿ ಅಷ್ಟೆ, ಅದಕ್ಕೇ ಮಂದಿ ಬುಕಿಂಗಿಗೆ ಬಡಿದಾಡ್ತಾರೆ.

ಕರಡಿ ಅವೆ, ಚಿರತೆ ಅವೆ, ಹೆಂಗೆ ಬಿಡೋದು ಅಂತ ಆಫೀಸರ್‌ಗಳು ಅಂತಾರೆ, ಗೊತ್ತೈತೆ. ದರೋಜಿ ಕರಡಿಧಾಮ ಪಕ್ಕದಲ್ಲೇ ಐತಲ್ಲ, 1994ರಿಂದ. ಕರಡಿ ಓಡಾಡೋದು ಸಂಜಿ ಮ್ಯಾಲೆ ಜಾಸ್ತಿ, ಬೆಳಗ್ಗೆ 7ಕ್ಕೆ ಬಿಟ್ಟು ಮಧ್ಯಾಹ್ನ 2ಕ್ಕೆ ಕೆಳಗೆ ಇಳಿಸ್ಬಿಡ್ರಿ, ಗೈಡ್ ಇಲ್ದೆ ಬಿಡಬ್ಯಾಡ್ರಿ. ಬೇಸಿಗೆಯಲ್ಲಿ ಬಂದ್ ಮಾಡ್ರಿ, ಹೆಂಗೂ ಮಾರ್ಚ್‌ನಿಂದ ನಮ್ ಬಿಸಿಲಿಗೆ ಯಾವ ಹುಚ್ಚನೂ ಬರಲ್ಲ, ಬೆಂಕಿ ಭಯಾನೂ ಇರ್ತೈತೆ. ಆಗಸ್ಟ್‌ನಿಂದ ಜನವರಿ ತನಕ ಸಾಕು, ಆ ಟೈಮಲ್ಲಿ ಸಂಡೂರು ಹಸಿರಾಗಿ ಮೋಡ ಹೊದ್ಕೊಂಡಿರೋದು ನೋಡಿದೋರು ಇದು ಬಳ್ಳಾರಿ ಜಿಲ್ಲೆ ಅಂದ್ರೆ ನಂಬಲ್ಲ. ಹಳದಿ ಕೊರಳಿನ ಪಿಕಳಾರ ಅನ್ನೋ ಹಕ್ಕಿ ಹುಡುಕ್ಕೊಂಡು ದೂರದೂರಿಂದ ಕ್ಯಾಮೆರಾದೋರು ಈ ಕಡೆ ಬರ್ತಾರೆ, ನಾವು ಅವರಿಗೆ ಟೀ ಅಂಗಡಿ ತೋರಿಸಿ ಸುಮ್ನಾಗ್ತೀವಿ.

ದಾರಿ ಮಾಡಿದ್ರೆ ಗಣಿ ನಿಲ್ತೈತೆ ಅಂತ ನಾನು ಹೇಳ್ತಿಲ್ಲ, ಅಷ್ಟು ದಡ್ಡ ಅಲ್ಲ. ಆದ್ರೆ ಒಂದು ಸಾರಿ ಏರಿ ಇಳಿದ ಗುಡ್ಡದ ಸುದ್ದಿ ಪೇಪರಲ್ಲಿ ಬಂದಾಗ ಓದೋ ರೀತಿನೇ ಬ್ಯಾರೆ. ಕುದುರೆಮುಖದಿಂದ ಬಂದ ಮ್ಯಾಲೆ ಭದ್ರಾ ಅಂತ ಎಲ್ಲಿ ಕಂಡ್ರೂ ನಾನು ನಿಂತು ಓದ್ತೀನಿ.

ಇಲಾಖೆಯವರು ಮನಸ್ಸು ಮಾಡಿ ಮೊದಲ್ನೇ ದಿನ ಬುಕಿಂಗ್ ಓಪನ್ ಮಾಡಿದ್ರೆ ಪ್ರಿಂಟ್ ನಾನು ಫ್ರೀಯಾಗಿ ಹೊಡ್ಕೊಡ್ತೀನಿ, ಮೊದಲ ನಾಲ್ಕು ಟಿಕೆಟ್ ನಮ್ದೇ. ನಮ್ ಹೊಟ್ಟೆ ಸ್ನೇಹಿತ ಈಗ ಶೂ ತಗಂಡಾನೆ.

ಇಂತಿ,
ನಿಮ್ಮ ಓದುಗ
ಕೌಲ್ ಬಜಾರ್, ಬಳ್ಳಾರಿ